ಎಡ ಕಿವಿ, ಬಲ ಭುಜ

ಮಾರ್ಚ್ 3, ಸೋಮವಾರ

ಮೂವತ್ನಾಲ್ಕು ವರ್ಷದಿಂದ ಕಂಡವರ ಕಿವಿ ಪರೀಕ್ಷೆ ಮಾಡಿ ಗ್ರಾಫು ಬರೆದುಕೊಡುತ್ತಿದ್ದೇನೆ. ಒಂದು ದಿನವೂ ಗೆರೆ ತಪ್ಪಿರಲಿಲ್ಲ. ಇವತ್ತು ಅಕ್ಕನ ಗ್ರಾಫು ಬರೆಯುವಾಗ ಗೆರೆ ಸೊಟ್ಟಗಾಯಿತು. ರಬ್ಬರಿನಲ್ಲಿ ಉಜ್ಜಿ ಇನ್ನೊಂದು ಸಲ ಎಳೆದೆ. ಎಷ್ಟು ನೇರವಾಗಿ ಎಳೆದರೂ ಅದು ಹೋಗುವುದು ಕೆಳಕ್ಕೇ.

ಗಾಜಿನ ಆಚೆ, ಹೊರಗಿನ ಶಬ್ದ ಬಾರದ ಪುಟ್ಟ ಕೋಣೆಯಲ್ಲಿ, ಅಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಸದ್ದು ಕೇಳಿದಾಗ ಒತ್ತಲು ಕೈಯಲ್ಲೊಂದು ಗುಂಡಿ. ಮೇಲಿನ ದನಿಗಳಿಗೆ ಅವಳು ಒತ್ತಲೇ ಇಲ್ಲ. ಹಕ್ಕಿ, ಬಾಗಿಲ ಗಂಟೆ, ಕುಕ್ಕರಿನ ಸೀಟಿ, ‘ಸ’, ‘ತ’, ‘ಚ’ ಎಲ್ಲ ಹೋಗಿವೆ. ಉಳಿದಿರುವುದು ಕೆಳಗಿನ ಗುಡುಗುಡು ಮಾತ್ರ: ಲಾರಿ, ಮೋಡ, ಪಕ್ಕದ ಮನೆಯ ನೀರಿನ ಪಂಪು. ಒಂದು ಕಿವಿ ನೋಡುವಾಗ ಇನ್ನೊಂದಕ್ಕೆ ‘ಸೊಂಯ್’ ಎನ್ನುವ ಗದ್ದಲ ತುಂಬಿದೆ. ಇಲ್ಲದಿದ್ದರೆ ಒಳ್ಳೆಯ ಕಿವಿ ಕದ್ದು ಕೇಳಿ ಕೆಟ್ಟದ್ದಕ್ಕೆ ಸಹಾಯ ಮಾಡಿಬಿಡುತ್ತದೆ. ಯಾವ ದನಿಯ ಗದ್ದಲ ತುಂಬುತ್ತೇವೋ ಆ ದನಿಯ ಮಾತು ಅದರಡಿ ಮುಚ್ಚಿಹೋಗುತ್ತದೆ. ನಮ್ಮ ಕೆಲಸದ ಅ ಆ ಇ ಈ ಇದು.

ಮೈಕಿನಲ್ಲಿ ಗಟ್ಟಿಯಾಗಿ “ಈಗ ಎಡ ಕಿವಿ” ಎಂದೆ. ತೊಡೆಯ ಮೇಲಿದ್ದ ಅವಳ ಎರಡೂ ಕೈ ಮೇಲೆದ್ದು, ಇಲ್ಲದ ಸ್ಟಿಯರಿಂಗ್ ಒಂದನ್ನು ಪೂರ್ತಿ ಎಡಕ್ಕೆ ತಿರುಗಿಸಿದವು. ಒಂದು ಕಾಲದಲ್ಲಿ ನಾವಿಬ್ಬರೂ ಸೇರಿ ಓಡುತ್ತಿದ್ದ ಕಾರ್ ರೇಸಿನ ಭಾಷೆಯಲ್ಲಿ ಎಡ ಕಿವಿ ಎಂದರೆ ಎಡಕ್ಕೆ ಸುತ್ತಿ ಬಂದ ದಾರಿಗೇ ಮುಖ ಮಾಡುವ ತಿರುವು. ಕೈ ತಿರುಗಿದ್ದು ಅವಳ ಗಮನಕ್ಕೇ ಬರಲಿಲ್ಲ. ನಾನು ಕಂಡೆ.

ಡಾಕ್ಟರು ಗ್ರಾಫು ನೋಡಿ ಕನ್ನಡಕ ತೆಗೆದರು. ನರದ ತೊಂದರೆ, ನಿಲ್ಲಿಸುವ ಮದ್ದಿಲ್ಲ. ಆಪರೇಷನ್ನಿಗೆ ಅವಳ ಹೃದಯ ಒಪ್ಪುವುದಿಲ್ಲ. ಉಳಿದಷ್ಟು ಕಿವಿಯೂ ಹೋಗಲು ಆರು ತಿಂಗಳೋ, ವರ್ಷವೋ ಎಂದರು. ಕಿವಿಯ ಮಿಷನ್ ಹಾಕಿದರೆ ತಟ್ಟೆ ಚಮಚ ತಲೆಗೆ ಬಡಿಯುತ್ತವೆಯೇ ಹೊರತು ಮಾತು ಬಿಡಿಸುವುದಿಲ್ಲ ಎಂದು ಅಕ್ಕ ಅದನ್ನು ಡ್ರಾಯರಿಗೆ ಹಾಕಿ ಆರು ತಿಂಗಳಾಯಿತು.

ಬರುವಾಗ ಅಂಗಡಿಯಲ್ಲಿ ಚೀಟಿ ಪುಸ್ತಕ ಕೊಂಡೆ. ದಿನವೂ ಕಿರುಚಿ ಕಿರುಚಿ ನನ್ನ ಗಂಟಲೂ ಹಾಳು, ಅವಳ ಮನಸ್ಸೂ ಹಾಳು. ಬರೆದುಕೊಟ್ಟರೆ ಆಯಿತು.

ಮಾರ್ಚ್ 8, ಶನಿವಾರ

ಹಿತ್ತಲಿನ ಷೆಡ್ಡಿನ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದೆ. ನಮ್ಮ ರೇಸಿನ ಕಾರು ಮಿಡತೆ ಇದ್ದಲ್ಲೇ ಇದೆ, ಇನ್ನೆಲ್ಲಿಗೆ ಹೋಗುತ್ತದೆ. ಎರಡೇ ಸೀಟಿನ ಹಸಿರು ಗಾಡಿ, ನೆಲಕ್ಕೆ ಅಂಟಿಕೊಂಡ ಮೈ, ಮುಂದಕ್ಕೆ ಚಾಚಿದ ಉದ್ದ ಬಾನೆಟ್ಟು. ಎಂಜಿನ್ ಜಾಮ್ ಆಗಿ ಇಪ್ಪತ್ತೆಂಟು ವರ್ಷ. ಆಗ ನಮ್ಮಿಬ್ಬರಿಗೂ ರೇಸು ಸಾಕಾಗಿತ್ತು, ಅಥವಾ ಸಾಕಾಗಿದೆ ಎಂದುಕೊಂಡಿದ್ದೆವು. ಟಾರ್ಪಾಲು ಹೊದಿಸಿ ಮರೆತೆವು.

ನನ್ನ ಸೀಟಿನಲ್ಲಿ ಕೂತೆ. ಎಡಗಡೆಯ ಪುಟ್ಟ ಜೇಬಿನಲ್ಲಿ ದಾರಿಯ ಪುಸ್ತಕ ಇನ್ನೂ ಇತ್ತು. ಬೆಟ್ಟದ ರಸ್ತೆಯ ಒಂದೊಂದು ತಿರುವೂ ನನ್ನ ಇಪ್ಪತ್ತೆರಡನೆಯ ವಯಸ್ಸಿನ ಅಕ್ಷರದಲ್ಲಿ. ಬೇರೆಯವರೆಲ್ಲ ತಿರುವಿಗೆ ಒಂದು, ಎರಡು, ಮೂರು ಎಂದು ನಂಬರು ಕೊಡುತ್ತಿದ್ದರು. ಅಕ್ಕನಿಗೆ ನಂಬರು ಅಂದರೆ ಆಗದು. “ಮೈಯಲ್ಲಿರೋದು ಹೇಳು, ಮೈಯೇ ತಿರುಗಿಸುತ್ತೆ” ಎಂದಿದ್ದಳು. ಹಾಗಾಗಿ ಸಣ್ಣ ಬಾಗು ಹುಬ್ಬು, ಅದಕ್ಕಿಂತ ಹೆಚ್ಚಿನದು ಭುಜ, ಗಕ್ಕನೆ ಮುರಿಯುವುದು ಮೊಣಕೈ, ಪೂರ್ತಿ ಸುತ್ತುವುದು ಕಿವಿ. ಹತ್ತು ವರ್ಷ ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತು ಕೂಗಿದೆ. ನಾನು ‘ಎಡ’ ಎಂದರೆ ಲೋಕವೇ ಎಡಕ್ಕೆ ಹೊರಳುತ್ತಿತ್ತು. ಆಮೇಲೆ ನನ್ನ ಮಾತಿಗೆ ಯಾರೂ, ಎಲ್ಲೂ ಅಷ್ಟು ಬೆಲೆ ಕೊಟ್ಟಿಲ್ಲ. ಆ ದಿನಗಳು ಬೇಕು ಅನ್ನಿಸುತ್ತದೆ. ಇಷ್ಟು ವಯಸ್ಸಾದ ಮೇಲೂ ಹೀಗೆ ಹೊಟ್ಟೆಯೊಳಗಿಂದ ಬೇಕು ಅನ್ನಿಸುವುದುಂಟೇ ಎಂದು ನಾಚಿಕೆಯೂ ಆಗುತ್ತದೆ.

ಯೋಚನೆ ಇಷ್ಟೆ. ಅಕ್ಕನ ಕಿವಿಯಲ್ಲಿ ಉಳಿದಿರುವುದು ಕೆಳಗಿನ ದನಿ. ಎಂಜಿನ್ನಿನದೂ ಕೆಳಗಿನ ದನಿ. ನಾಲ್ಕು ಸಿಲಿಂಡರು, ನಿಮಿಷಕ್ಕೆ ಮೂರು ಸಾವಿರ ಸುತ್ತು ಅಂದರೆ ಸೆಕೆಂಡಿಗೆ ನೂರು ಬಡಿತ. ಅದು ಅವಳಿಗೆ ಕೇಳಿಯೇ ಕೇಳುತ್ತದೆ. ಕಿವಿ ಪೂರ್ತಿ ಮುಚ್ಚುವ ಮೊದಲು ಮಿಡತೆಯ ದನಿ ಅವಳಿಗೆ ಕೇಳಿಸಬೇಕು. ಹಿಂದೆ ಇದ್ದದ್ದಕ್ಕಿಂತ ಜೋರಾಗಿ ಕೇಳಿಸಬೇಕು.

ಚೀಟಿಯಲ್ಲಿ “ಮಿಡತೆ ರಿಪೇರಿ ಮಾಡಿಸೋಣ. ಹೊಸದಾಗಿ ಎಂಜಿನ್ ಕಟ್ಟಿಸೋಣ” ಎಂದು ಬರೆದು ಕೊಟ್ಟೆ. ಅಕ್ಕ ಎರಡು ಸಲ ಓದಿದಳು.

“ಪಕ್ಕದಲ್ಲಿ ಯಾರು ಕೂರ್ತಾರೆ?”

“ನಾನೇ” ಎಂದು ಬರೆದೆ.

“ಹಾಗಾದ್ರೆ ಸರಿ. ಬರೋವಾಗ ಬಾಯಿ ತರೋದು ಮರೀಬೇಡ ಗಿಣಿ” ಎಂದಳು. ಚಿಕ್ಕಂದಿನಲ್ಲಿ ಬಾಯಿ ಬಿಡುವಿಲ್ಲದೆ ಹರಟುತ್ತಿದ್ದೆ ಎಂದು ಇಟ್ಟ ಹೆಸರು. ನನಗೆ ಅರವತ್ತು ತುಂಬಿದರೂ ಆಡಿಕೊಳ್ಳುವುದು ಬಿಟ್ಟಿಲ್ಲ.

ಮಾರ್ಚ್ 12, ಬುಧವಾರ

ಹಳೆ ಗಾಡಿಗಳ ಎಂಜಿನ್ ಕಟ್ಟುವವರನ್ನು ಕಂಡು ಬಂದೆ. ಮೊದಲು ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಕೆಲಸ ಬಿಟ್ಟರೂ ಪಾಠ ಬಿಟ್ಟಿಲ್ಲ. ಗ್ಯಾರೇಜಿನ ಗೋಡೆಗೆ ಕರಿಹಲಗೆ ಹೊಡೆಸಿಕೊಂಡಿದ್ದಾರೆ, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಗ್ರೀಸು ಹತ್ತಿದ ಕೈಯಲ್ಲೇ ಸೀಮೆಸುಣ್ಣ ಹಿಡಿಯುವುದರಿಂದ ಅಕ್ಷರಗಳಿಗೆಲ್ಲ ಕಪ್ಪು ಅಂಚು.

ಹಲಗೆಯ ಮೇಲೆ ಮೂರು ಸಾಲು ಎಳೆದರು. ಮೊದಲನೆಯದು ‘ಇದ್ದ ಹಾಗೆ’, ಕಾರ್ಖಾನೆಯಿಂದ ಬಂದಂತೆಯೇ. ಎರಡನೆಯದು ‘ಚುರುಕು’. ಮೂರನೆಯದು ‘ರೇಸು’: ಅಗಲ ಮಾಡಿದ ಸಿಲಿಂಡರು, ದೊಡ್ಡ ಪಿಸ್ಟನ್ನು, ಜೋಡಿ ಕಾರ್ಬುರೇಟರು, ಬಿಸಿ ತಲೆಯ ಕ್ಯಾಮ್ ಶಾಫ್ಟು.

“ಕ್ಯಾಮ್ ಅಂದ್ರೆ ಏನು ಗೊತ್ತಾ ಮೇಡಂ? ಒಂದು ಸರಳು, ಅದರ ಮೈಮೇಲೆ ಮೊಟ್ಟೆ ಆಕಾರದ ಉಬ್ಬುಗಳು. ಆ ಉಬ್ಬು ವಾಲ್ವನ್ನ ಎಷ್ಟು ಹೊತ್ತು ತೆರೆದಿಡುತ್ತೋ ಅಷ್ಟು ಗಾಳಿ, ಅಷ್ಟು ಪೆಟ್ರೋಲು, ಅಷ್ಟು ಕೋಪ. ಗಾಡಿ ಸ್ವಭಾವ ಇರೋದೇ ಅದರಲ್ಲಿ. ಈಗ ಹೇಳಿ, ನಿಮಗೆ ಎಷ್ಟು ಕುದುರೆ ಶಕ್ತಿ ಬೇಕು?”

“ಕುದುರೆ ಎಷ್ಟಾದ್ರೂ ಇರ್ಲಿ ಮೇಷ್ಟ್ರೇ. ಇನ್ನೂರೈವತ್ತು ಹರ್ಟ್ಜಿಗಿಂತ ಕೆಳಗೆ ಯಾವುದು ಜಾಸ್ತಿ ಗುಡುಗುತ್ತೆ?”

ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು. “ಇಪ್ಪತ್ತೆಂಟು ವರ್ಷದಲ್ಲಿ ಈ ಪ್ರಶ್ನೆ ಯಾವ ಪರೀಕ್ಷೆಗೂ ಬಂದಿಲ್ಲ” ಎಂದರು.

ಚೀಲದಿಂದ ಅಕ್ಕನ ಗ್ರಾಫು ತೆಗೆದು ಹಲಗೆಗೆ ಅಂಟಿಸಿದೆ. ಇಲ್ಲಿಂದ ಆಚೆ ಏನೂ ಕೇಳುವುದಿಲ್ಲ, ಇಲ್ಲಿಂದ ಈಚೆ ಕೇಳುತ್ತದೆ, ಈ ಜಾಗಕ್ಕೆ ಹೊಂದುವ ಎಂಜಿನ್ ಬೇಕು ಎಂದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೂರನೆಯ ಸಾಲಿನ ಸುತ್ತ ಒಂದು ಸುತ್ತು ಹಾಕಿದರು. ನಿಂತಲ್ಲೇ ಗುಡುಗುವುದು ಅದೇ ಅಂತೆ. ಆದರೆ ಒಂದು ಕೊಕ್ಕೆ ಇಟ್ಟರು: “ಗಾಡಿ ಓಡಿಸೋರು ಬಂದು, ಕೂತು, ನೋಡಿ ಸರಿ ಅನ್ನದೆ ನಾನು ಕ್ಯಾಮ್ ತರಿಸೋಲ್ಲ. ಒಂದು ಸಲ ಉಬ್ಬು ಕೆತ್ತಿ ಆದ್ಮೇಲೆ ಸ್ವಭಾವ ಬದಲಾಗಲ್ಲ.”

ಯಾವ ಬಗೆಯ ಎಂಜಿನ್ ಎಂದು ಹೇಳದೆ ಅಕ್ಕನಿಗೆ ಅಚ್ಚರಿ ಕೊಡಬೇಕೆಂದಿದ್ದೆ. ಈ ಮನುಷ್ಯ ಬಿಡುವ ಹಾಗೆ ಕಾಣುವುದಿಲ್ಲ.

ಮಾರ್ಚ್ 16, ಭಾನುವಾರ

ಆಸ್ಪತ್ರೆಯಿಂದ ಶಬ್ದ ಅಳೆಯುವ ಯಂತ್ರವನ್ನು ಕೇಳಿ ತಂದು ಗ್ಯಾರೇಜಿಗೆ ಒಯ್ದೆ. ಮೇಷ್ಟ್ರು ಮೂರನೆಯ ಬಗೆಯಲ್ಲಿ ಕಟ್ಟಿದ ಗಾಡಿಯೊಂದು ಅಲ್ಲಿತ್ತು, ಹಲ್ಲಿನ ಡಾಕ್ಟರೊಬ್ಬರದು. ಚಾಲೂ ಮಾಡಿದರು. ನಿಂತ ಗಾಡಿಯೇ ಸಿಟ್ಟು ಬಂದ ಹಾಗೆ ತುಯ್ದಾಡಿತು. ಧಡ್, ಧಡ್, ಒಂದು ಬಿಟ್ಟು ಧಡ್. ಯಂತ್ರದ ಮುಳ್ಳು ನನಗೆ ಬೇಕಾದ ಜಾಗದಲ್ಲೇ ಎದ್ದು ಕುಣಿಯಿತು. ನನಗೂ ಕುಣಿಯಬೇಕು ಅನ್ನಿಸಿತು. ಗ್ಯಾರೇಜಿನಲ್ಲಿ ಕುಣಿಯುವ ವಯಸ್ಸಲ್ಲ ಎಂದು ಸುಮ್ಮನಾದೆ.

ಸದ್ದನ್ನು ರೆಕಾರ್ಡ್ ಮಾಡಿ ತಂದು ಮನೆಯ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಅಕ್ಕ ಓದುತ್ತಿದ್ದ ಪೇಪರು ಕೆಳಗಿಟ್ಟಳು.

“ಯಾರ ಮನೆ ಗೋಡೆ ಒಡೀತಿದಾರೆ?”

ಕೇಳಿಸಿತು! ಅಷ್ಟೇ ನನಗೆ ಬೇಕಿದ್ದದ್ದು.

ಮಾರ್ಚ್ 20, ಗುರುವಾರ

ಇವತ್ತು ಬಂದವರಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರು, ಎಪ್ಪತ್ತೆರಡು ವರ್ಷ. ಎಂಜಿನ್ನಿನ ಪಕ್ಕದಲ್ಲೇ ಜೀವನ ಕಳೆದವರು. ಎಡಕಿವಿ ಬಲಕ್ಕಿಂತ ಹೆಚ್ಚು ಹೋಗಿದೆ, ನೋಡಿದರೇ ಹೇಳಬಹುದು ಎಂಜಿನ್ ಯಾವ ಕಡೆ ಇತ್ತೆಂದು. ನನ್ನನ್ನು ಡಾಕ್ಟರೆಂದೇ ಕರೆದರು, ತಿದ್ದಲಿಲ್ಲ.

“ಮೊದಲು ಹೋಗಿದ್ದು ನನ್ನ ಕಿವಿ ಅಲ್ಲ ಡಾಕ್ಟ್ರೇ, ನಮ್ಮನೆಯವಳ ಮಾತು. ಹೇಗೂ ಕೇಳಲ್ಲ ಅಂತ ಹೇಳೋದೇ ಬಿಟ್ಟುಬಿಟ್ಟಳು. ಇನ್ನೂ ಅರ್ಧ ಕೇಳ್ತಿತ್ತು ಆಗ.”

ನಲವತ್ತೈದು ಡೆಸಿಬಲ್ಲು ಎಡ, ಮೂವತ್ತೈದು ಬಲ. ಮಿಷನ್ನಿಗೆ ಬರೆದುಕೊಟ್ಟೆ.

ಮಾರ್ಚ್ 29, ಶನಿವಾರ

ಮನೆಯಲ್ಲಿ ಈಗ ಎಷ್ಟು ನೆಮ್ಮದಿ! ಮೂರು ವಾರದಿಂದ ಜಗಳವಿಲ್ಲ, “ಏನಂದೆ?” ಇಲ್ಲ, “ಎಷ್ಟು ಸಲ ಹೇಳಲಿ?” ಇಲ್ಲ. ಬೆಳಿಗ್ಗೆ ಚೀಟಿ ಬರೆದು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗುತ್ತೇನೆ: ಹಾಲು ಕಾಯಿಸಿದೆ, ಮಾತ್ರೆ ಎರಡು, ಪ್ಲಂಬರ್ ಹನ್ನೊಂದಕ್ಕೆ. ಎರಡನೆಯ ಪುಸ್ತಕವೂ ಮುಗಿಯುತ್ತ ಬಂತು. ಈಗ ಅಕ್ಕನೂ ಚೀಟಿಯಲ್ಲೇ ಉತ್ತರ ಬರೆಯುತ್ತಾಳೆ. ಬಾಯಿ ಇದ್ದೂ ಅವಳೇಕೆ ಬರೆಯುತ್ತಾಳೋ ಗೊತ್ತಿಲ್ಲ. ಇವತ್ತಿನ ಉತ್ತರ: “ಸರಿ.” ನಿನ್ನೆಯದೂ “ಸರಿ.”

ಮೂರನೆಯ ಬಗೆಯೇ ಎಂದು ತೀರ್ಮಾನಿಸಿ ಮೇಷ್ಟ್ರಿಗೆ ಫೋನ್ ಮಾಡಿದೆ. “ಅಕ್ಕಾವ್ರು ಯಾವಾಗ ಬರ್ತಾರೆ?” ಎಂದರು. ಹಟಮಾರಿ.

ಏಪ್ರಿಲ್ 5, ಶನಿವಾರ

ಅಕ್ಕ ಸಂಜೆ ಷೆಡ್ಡಿನಲ್ಲಿದ್ದಳು. ಡ್ರೈವರ್ ಸೀಟಿನಲ್ಲಿ ಕೂತು, ದಾರಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ತಾನೇ ಓದಿಕೊಳ್ಳುತ್ತಿದ್ದಳು. “ಬಲ ಭುಜ. ಎಡ ಹುಬ್ಬು, ಎಡ ಹುಬ್ಬು. ಸೇತುವೆ. ಬಲ ಮೊಣಕೈ.” ನನ್ನ ರಾಗದಲ್ಲಿ ಓದುತ್ತಿದ್ದಳು, ಕೊನೆಯಕ್ಷರ ಎಳೆದು. ನಾನು ಹಾಗೆ ಎಳೆಯುತ್ತಿದ್ದೆನೆಂದು ಮರೆತೇಹೋಗಿತ್ತು.

ಅವಳಿಗೂ ಆ ಎಂಜಿನ್ ಸದ್ದು ಬೇಕು ಎಂದು ಖಾತ್ರಿಯಾಯಿತು. ಕಣ್ಣೊರೆಸಿಕೊಂಡು ಒಳಗೆ ಬಂದು “ಊಟ ರೆಡಿ” ಎಂದು ಚೀಟಿ ಬರೆದೆ.

ಏಪ್ರಿಲ್ 13, ಭಾನುವಾರ

ಬರೆಯಲು ಮನಸ್ಸಿಲ್ಲ, ಆದರೆ ಬರೆಯದೆ ಇರಲಾರೆ.

ಮೇಷ್ಟ್ರು ಹಲ್ಲಿನ ಡಾಕ್ಟರಿಂದ ಗಾಡಿ ಕೇಳಿ ಪಡೆದಿದ್ದರು. ಗೋದಾಮಿನ ಹಿಂದಿನ ಖಾಲಿ ಮೈದಾನದಲ್ಲಿ ಹಳೆ ಟೈರುಗಳನ್ನಿಟ್ಟು ತಿರುವುಗಳನ್ನು ಮಾಡಿದ್ದರು. ಟೈರು ಎಲ್ಲಿದೆ, ಹೇಗೆ ತಿರುಗಬೇಕು ಎಂದು ನನಗೊಂದು ಹಾಳೆ ಕೊಟ್ಟರು, ಅಕ್ಕನಿಗೆ ತೋರಿಸಲಿಲ್ಲ. ಥೇಟ್ ಹಿಂದಿನ ಹಾಗೆ. ಅಕ್ಕ ಹೊಸ ಕೈಗವಸು ಹಾಕಿಕೊಂಡು ಬಂದಿದ್ದಳು. ಯಾವಾಗ ಕೊಂಡಳೋ! ಅರವತ್ತೆಂಟರ ಹೆಂಗಸು ಸ್ಕೂಲಿನ ಮೊದಲ ದಿನಕ್ಕೆ ಹೊರಟವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು.

ಎಂಜಿನ್ ಗುಡುಗಿತು. ಅಕ್ಕನ ಮುಖ ನೋಡಿದೆ. ನಗುತ್ತಿದ್ದಳು. ಹೊರಟೆವು. ನಾನು ಹಾಳೆ ಹಿಡಿದು ಹೊಟ್ಟೆಯಿಂದ ಕೂಗಿದೆ: “ಬಲ ಹುಬ್ಬು!” ಸರಿಯಾಗಿ ಹೋದಳು, ಕಣ್ಣಿಗೆ ಕಾಣುವಂತಿತ್ತು. “ಎಡ ಭುಜ!” ಸ್ವಲ್ಪ ತಡವಾಯಿತು. “ಬಲ ಕಿವಿ! ಅಕ್ಕ, ಬಲ ಕಿವಿ!” ಅವಳು ಭುಜವೆಂದುಕೊಂಡು ನುಗ್ಗಿದಳು. ಮೂರು ಟೈರು ಹಾರಿದವು. ನಾಲ್ಕನೆಯದಕ್ಕೆ ಬಡಿದು ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಗಾಡಿಗೂ ಇಲ್ಲ.

ಅಕ್ಕ ಕೀಲಿ ತಿರುಗಿಸಿ ಆಫ್ ಮಾಡಿದಳು. ಮೈದಾನವೆಲ್ಲ ಒಮ್ಮೆಲೇ ಸುಮ್ಮನಾಯಿತು.

“ನೀನು ಏನಾದ್ರೂ ಹೇಳಿದ್ಯಾ?”

ನಾನು ಜೇಬಿನಿಂದ ಚೀಟಿ ಪುಸ್ತಕ ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು. “ಬರೀಬೇಡ. ಬಾಯಲ್ಲಿ ಹೇಳು.”

“ಎಲ್ಲಾ ತಿರುವೂ ಹೇಳಿದೆ ಅಕ್ಕ!”

“ಒಂದೂ ಕೇಳಲಿಲ್ಲ.” ಸ್ಟಿಯರಿಂಗ್ ಮೇಲೆ ಕೈ ಆಡಿಸಿದಳು. “ಯಾಕೆ ಇಷ್ಟು ಗಲಾಟೆ ಗಾಡಿ?”

“ನಿಂಗೆ ಕೇಳ್ಲಿ ಅಂತ! ಎಂಜಿನ್ ಕೇಳ್ಲಿ ಅಂತ!”

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಅರ್ಥವಾದಾಗ ನಕ್ಕಳು, ನಗು ಅರ್ಧಕ್ಕೇ ನಿಂತಿತು.

“ಅಯ್ಯೋ ಪೆದ್ದಿ. ಎಂಜಿನ್ ನಂಗೆ ಬೆನ್ನಲ್ಲಿ ಕೇಳುತ್ತೆ. ಸೀಟಲ್ಲಿ ಕೇಳುತ್ತೆ, ಅಂಗಾಲಲ್ಲಿ ಕೇಳುತ್ತೆ. ಕಿವಿ ಪೂರ್ತಿ ಹೋದ್ಮೇಲೂ ಕೇಳ್ತಾನೇ ಇರುತ್ತೆ. ನೀನು ಬೆನ್ನಲ್ಲಿ ಕೇಳಲ್ಲ ಕಣೇ. ಉಳಿದಿರೋ ಚೂರು ಕಿವೀನ ಇದಕ್ಕೆ ಯಾಕೆ ಕೊಡ್ಲಿ?”

ಮೇಷ್ಟ್ರು ದೂರದಲ್ಲಿ ಟೈರು ಜೋಡಿಸುತ್ತಿದ್ದರು, ಈ ಕಡೆ ತಿರುಗಲಿಲ್ಲ. ಒಳ್ಳೆಯ ಮನುಷ್ಯ.

ಮೂವತ್ನಾಲ್ಕು ವರ್ಷದ ಅನುಭವ! ದಿನಕ್ಕೆ ಹತ್ತು ಸಲ ಒಂದು ಕಿವಿಗೆ ಗದ್ದಲ ತುಂಬಿ ಮುಚ್ಚುವವಳು ನಾನು. ಕೆಳಗಿನ ದನಿಯ ಗದ್ದಲ ತುಂಬಿದರೆ ಕೆಳಗಿನ ದನಿಯ ಮಾತು ಮುಚ್ಚುತ್ತದೆ, ಅದರ ಮೇಲಿನದನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಪಾಠ ಹೇಳುವವಳು. ನನ್ನ ದನಿ ಅವಳಿಗೆ ತಲುಪುವುದಕ್ಕೆ ಇದ್ದದ್ದು ಅದೊಂದೇ ಜಾಗ. ಅಳತೆ ಮಾಡಿ, ಗ್ರಾಫು ಅಂಟಿಸಿ, ಅಲ್ಲಿಗೇ ಸರಿಯಾಗಿ ಎಂಜಿನ್ ಕೂರಿಸಲು ಹೊರಟಿದ್ದೆ.

ಏಪ್ರಿಲ್ 14, ಸೋಮವಾರ

ರಜೆ ಹಾಕಿದೆ. ಚೀಟಿಗಳನ್ನೆಲ್ಲ ಅಕ್ಕ ಪೇಪರು ಕಟ್ಟಿನ ಪಕ್ಕದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕೂತು ಓದಿದೆ. ಹಾಲು, ಮಾತ್ರೆ, ಪ್ಲಂಬರ್, ಬೀಗ, ಊಟ. ಎರಡೂವರೆ ಪುಸ್ತಕದಲ್ಲಿ ಒಂದು ಕಡೆಯೂ ‘ಅಕ್ಕ’ ಎಂದು ಬರೆದಿಲ್ಲ. ಎದುರಿಗೇ ಇರುವವಳನ್ನು ಬರೆದು ಕರೆಯುವುದು ಹೇಗೆ!

ಏಪ್ರಿಲ್ 16, ಬುಧವಾರ

ಇಬ್ಬರೂ ಗ್ಯಾರೇಜಿಗೆ ಹೋದೆವು. ಅಕ್ಕ ನೇರವಾಗಿ ಹಲಗೆಯ ಹತ್ತಿರ ಹೋಗಿ, ಮೂರನೆಯ ಸಾಲನ್ನು ಅಂಗೈಯಿಂದ ಒರೆಸಿದಳು.

“ಮೊದಲನೆಯದೇ ಮಾಡಿಬಿಡೋಣ. ಇದ್ದ ಹಾಗೆ” ಎಂದೆ. ಸೋತವಳ ದನಿಯಲ್ಲೇ ಎಂದಿರಬೇಕು.

“ಯಾಕೆ? ನಂಗೆ ವಯಸ್ಸಾಯ್ತು ಅಂತಾನಾ?” ಅಕ್ಕ ನನ್ನ ತುಟಿ ಓದಿ ಸಿಡುಕಿದಳು. “ಮೇಷ್ಟ್ರೇ, ಓಡಬೇಕು. ಹಿಂದೆ ಓಡಿದ್ದಕ್ಕಿಂತ ಜೋರಾಗಿ ಓಡಬೇಕು. ಆದ್ರೆ ಇವಳು ಮಾತಾಡಿದ್ರೆ ಕೇಳಬೇಕು.”

ಮೇಷ್ಟ್ರು ಒರೆಸಿದ ಜಾಗವನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. “ಶಬ್ದ ಮಾಡೋ ಎಂಜಿನ್ ಯಾರು ಬೇಕಾದ್ರೂ ಕಟ್ತಾರೆ ಅಕ್ಕಾ. ಶಬ್ದ ಮಾಡದೆ ಓಡೋದು ಕಟ್ಟೋಕೆ ಕೈ ಬೇಕು” ಎಂದು ನಾಲ್ಕನೆಯ ಸಾಲು ಎಳೆದರು. ದೊಡ್ಡ ಸಿಲಿಂಡರು ಇರಲಿ. ಕ್ಯಾಮ್ ಮಾತ್ರ ಸೌಮ್ಯದ್ದು, ಕೆಳಗಿನ ಸುತ್ತಿನಲ್ಲೇ ಎಳೆಯುವಂಥದ್ದು, ಕಿರುಚಿಸಬೇಕಾಗಿಲ್ಲ. ಗಾಳಿ ಹೋಗುವ ದಾರಿಯನ್ನು ಕೈಯಲ್ಲೇ ಉಜ್ಜಿ ನುಣುಪು ಮಾಡುವುದು. ನಾಲ್ಕು ಪಿಸ್ಟನ್ನನ್ನೂ ತಕ್ಕಡಿಯಲ್ಲಿಟ್ಟು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಸರಿದೂಗಿಸುವುದು. ಉದ್ದನೆಯ ಸೈಲೆನ್ಸರು, ಒಂದಲ್ಲ, ಎರಡು. ಕಾಲಿನ ಮುಂದಿನ ತಗಡಿಗೆ ದಪ್ಪ ಕಂಬಳಿ.

“ಈ ಸಾಲಿಗೆ ಏನು ಹೆಸರು ಬರೀಲಿ?” ಎಂದರು.

“ಗಿಣಿ ಅಂತ ಬರೀರಿ” ಎಂದಳು ಅಕ್ಕ. ಆಯಪ್ಪ ಬರೆದೇಬಿಟ್ಟರು.

ಮೇ 11, ಭಾನುವಾರ

ಆಸ್ಪತ್ರೆಗೆ ರಜೆ, ಆದರೆ ಕೀಲಿ ನನ್ನ ಹತ್ತಿರ. ಅಕ್ಕನನ್ನು ಕೋಣೆಯಲ್ಲಿ ಕೂರಿಸಿ, ತುಟಿ ಕಾಣದಂತೆ ಹಾಳೆ ಅಡ್ಡ ಹಿಡಿದು, ಸದ್ದಿನ ಬದಲು ನಮ್ಮ ಮಾತುಗಳನ್ನೇ ಹೇಳಿ ನೋಡಿದೆ. ಗ್ರಾಫು ಮಾರ್ಚಿಗಿಂತ ಇನ್ನೂ ಇಳಿದಿದೆ. ಅದನ್ನು ಬರೆದು ಫೈಲಿಗೆ ಹಾಕಿ ಮುಚ್ಚಿದೆ.

ನನ್ನ ದನಿಯನ್ನು ಕೆಳಗಿಳಿಸಿ, ಎದೆಯಿಂದ ಹೇಳಿದರೆ ‘ಹುಬ್ಬು’ ಹತ್ತಕ್ಕೆ ಒಂಬತ್ತು ಸಲ ಕೇಳುತ್ತದೆ. ‘ಭುಜ’ ಒಂಬತ್ತು. ‘ಮೊಣಕೈ’ ಏಳು. ‘ಕಿವಿ’ ಒಂದು ಸಲವೂ ಇಲ್ಲ. ಎಲ್ಲ ಬಿಟ್ಟು ಅದೊಂದೇ ಮಾತು ತೆಳ್ಳಗೆ, ಮೇಲೆ, ಅವಳ ಕಿವಿ ಹೋಗದ ಜಾಗದಲ್ಲಿದೆ. ಗಾಜಿನ ಈಚೆ ಕೂತು ಹತ್ತು ಸಲ ‘ಕಿವಿ, ಕಿವಿ’ ಎಂದೆ. ಅವಳು ಹತ್ತು ಸಲವೂ ಏನಾದರೂ ಬರುತ್ತದೇನೋ ಎಂದು ಕಾಯುತ್ತ ನನ್ನನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಬೇರೆ ಮಾತು ಇಟ್ಟುಕೊಳ್ಳೋಣ ಎಂದೆ. ‘ಗುಂಡು’ ಎಂದರೆ ಚೆನ್ನಾಗಿ ಕೇಳುತ್ತದೆ. ಈ ಸಲಹೆಯನ್ನು ಮೂರು ಸಲ ಹೇಳಬೇಕಾಯಿತು. ಮೂರು ಸಲವೂ ಹೇಳಿದೆ, ಕೋಪ ಬರಲಿಲ್ಲ.

“ಬೇಡ. ಅದು ನಮ್ಮ ಮಾತಲ್ಲ” ಎಂದಳು. “ಎಡ, ಬಲ ಕಣ್ಣಿಗೆ ಕಾಣುತ್ತೆ. ಎಷ್ಟು ಅನ್ನೋದು ನೀನು ಹೇಳ್ತೀಯ. ಎಡ ಅಂದು ಆಮೇಲೆ ಏನೂ ಕೇಳದಿದ್ರೆ ಕಿವಿ ಅಂತ ತಿಳ್ಕೋತೀನಿ. ನಾಲ್ಕರಲ್ಲಿ ಮೂರು ಕೇಳುತ್ತಲ್ಲ, ಕೇಳದೆ ಇರೋದು ಇನ್ಯಾವುದು?”

ತರ್ಕ ಸರಿಯಾಗಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಅದೂ ಇದೂ ಮಾತಾಡಿದೆವು. ಬಸ್ಸಿನಲ್ಲಿ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತಾಡಿದೆನಂತೆ, ಅಕ್ಕ ಹೇಳಿದಳು.

ಮೇ 25, ಭಾನುವಾರ

ಎಂಜಿನ್ ಮಿಡತೆಯೊಳಗೆ ಕೂತಿತು. ಚಾಲೂ ಮಾಡಿದಾಗ ಚಾಲೂ ಆಯಿತೋ ಇಲ್ಲವೋ ಎಂದು ನಾನು ಮೇಷ್ಟ್ರ ಮುಖ ನೋಡಿದೆ. ಅಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. “ಎರಡನೇ ಸಿಲಿಂಡರು ಸ್ವಲ್ಪ ಹಿಂದೆ ಬೀಳ್ತಿದೆ ಮೇಷ್ಟ್ರೇ” ಎಂದಳು. ಅವರು ನಕ್ಕು ಸ್ಕ್ರೂಡ್ರೈವರು ತೆಗೆದುಕೊಂಡರು. ಆಮೇಲೆ ನೋಡಿದರೆ ನಿಜವಾಗಿಯೂ ಎರಡನೆಯದೇ.

ಸಂಜೆ ಅಕ್ಕನಿಗೆ ಪೇಪರು ಓದಿ ಹೇಳಿದೆ, ಪೂರ್ತಿ, ಜಾಹೀರಾತು ಸೇರಿಸಿ. ಗಂಟಲು ನೋಯುತ್ತಿದೆ.

ಜೂನ್ 8, ಭಾನುವಾರ

ಹೊಸ ಸುರಂಗ ಬಂದ ಮೇಲೆ ಹಳೆ ಬೆಟ್ಟದ ರಸ್ತೆಯನ್ನು ಮುಚ್ಚಿದ್ದಾರೆ. ತಿಂಗಳಿಗೊಂದು ಬೆಳಿಗ್ಗೆ ಹಳೆ ಗಾಡಿಯವರಿಗೆ ಬಿಡುತ್ತಾರೆ, ಒಂದು ಗಾಡಿ ಮೇಲೆ ತಲುಪಿದ ಮೇಲೆಯೇ ಇನ್ನೊಂದು. ನಮ್ಮ ಸರದಿ ಏಳೂವರೆಗೆ. ಕಾವಲುಗಾರ ಗೇಟು ತೆಗೆದು ಒಳಗೆ ಬಗ್ಗಿ ನೋಡಿ, “ಇಬ್ರೂ ಅಜ್ಜೀರೇ ಇದೀರಲ್ಲ, ಡ್ರೈವರ್ ಎಲ್ಲಿ?” ಎಂದ. ಅಕ್ಕನಿಗೆ ಕೇಳಲಿಲ್ಲ, ಅವನ ಪುಣ್ಯ.

ನನ್ನ ತೊಡೆಯ ಮೇಲೆ ಅದೇ ಪುಸ್ತಕ. ಕನ್ನಡಕವಿಲ್ಲದೆ ಬರೆದದ್ದನ್ನು ಕನ್ನಡಕ ಹಾಕಿ ಓದಿದೆ. “ಬಲ ಭುಜ.” ಎದೆಯಿಂದ, ಕೆಳಗೆ. ಗಾಡಿ ಮೆತ್ತಗೆ ಬಲಕ್ಕೆ ಹೊರಳಿತು. “ಎಡ ಹುಬ್ಬು.” ಹೊರಳಿತು. ಎಂಜಿನ್ ನನಗೂ ಬೆನ್ನಿಗೆ ಮಾತ್ರ ಗೊತ್ತಾಗುತ್ತಿತ್ತು, ಒಂದು ಬೆಚ್ಚನೆಯ ಕೈ ಹಿಂದಿನಿಂದ ತಳ್ಳಿದ ಹಾಗೆ. ಸೇತುವೆ ದಾಟಿದ ಮೇಲೆ ಅಕ್ಕ ವೇಗ ಹೆಚ್ಚಿಸಿದಳು. “ಬಲ ಮೊಣಕೈ!” ಗೇರು ಇಳಿಯಿತು, ತಿರುಗಿತು, ಗೇರು ಏರಿತು. ಮೂವತ್ತೆಂಟು ವರ್ಷ ಎಲ್ಲಿ ಹೋಗಿದ್ದವೋ! ನಾನು ಹೇಳಿದೆ, ಅವಳು ಕೇಳಿದಳು. ಇಷ್ಟೇ ನನಗೆ ಇಷ್ಟು ವರ್ಷ ಬೇಕಾಗಿದ್ದದ್ದು, ಎಂಜಿನ್ನಲ್ಲ, ರೇಸೂ ಅಲ್ಲ.

ಡಾಕ್ಟರು ಮೊನ್ನೆ ಹೇಳಿದ್ದನ್ನು ಇಲ್ಲಿ ಬರೆದಿರಲಿಲ್ಲ. ಉಳಿದ ಚೂರು ಕಿವಿಗೆ ವರ್ಷವಿಲ್ಲ, ಬಹುಶಃ ಎರಡು ತಿಂಗಳು. ಅಕ್ಕನಿಗೂ ಗೊತ್ತು.

ಪುಸ್ತಕದಲ್ಲಿ ಕೊನೆಯ ಸಾಲು ಬಂತು. ಮೇಲೆ ತಲುಪುವ ಮೊದಲಿನ ದೊಡ್ಡ ತಿರುವು, ಬಂಡೆಯ ಹಿಂದಿನಿಂದ ಸುತ್ತುವುದು, ಬಂಡೆ ದಾಟುವವರೆಗೆ ಎಷ್ಟು ಸುತ್ತುತ್ತದೆಂದು ಕಾಣುವುದಿಲ್ಲ. “ಎಡ” ಎಂದೆ.

ಮುಂದಿನದನ್ನು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಅಳು ಬಂದು ದನಿಯೇ ಹೊರಡಲಿಲ್ಲ. ಬಂಡೆ ಹತ್ತಿರ ಬಂತು. ಅಕ್ಕ ಒಂದು ಕ್ಷಣ ಕಾದಳು. ಆಮೇಲೆ ಗೇರು ಎರಡಕ್ಕಿಳಿಸಿ, ಎರಡೂ ಕೈಯಿಂದ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ಸುತ್ತಿದಳು. ಮಿಡತೆ ಬಂಡೆಯನ್ನು ಸವರಿಕೊಂಡು ತಿರುಗಿ ಬಯಲಿಗೆ ಬಂತು.

ಎಂಜಿನ್ ಆಫ್ ಮಾಡಿ, ಕೈಗವಸು ತೆಗೆದು, ಅಕ್ಕ ನನ್ನ ಕಡೆ ನೋಡದೆ ಹೇಳಿದಳು.

“ಕಿವಿ ಅಂದ್ಯಲ್ಲ, ಅದು ಎಲ್ಲಕ್ಕಿಂತ ಚೆನ್ನಾಗಿ ಕೇಳಿಸ್ತು ಕಣೇ.”